ಜಮಖಂಡಿಯ ಮೋಡ, ಗುಂಟೂರಿನ ಮರುದಿನ



ಕುಂದಣಗಾರರು ಕನ್ನಡ ಕಲಿಸಿದ, ಆ. ನೇ. ಉಪಾಧ್ಯೆಯವರು ಪ್ರಾಕೃತ ಗ್ರಂಥಗಳನ್ನು ತಿದ್ದಿ ಸಂಪಾದಿಸಿದ ಊರು ಕೊಲ್ಹಾಪುರ. ಈ ಊರಿನಲ್ಲಿ ಕನ್ನಡ ದತ್ತಿ ಉಪನ್ಯಾಸ ಅಂದರೆ ಶಾಸನವೋ ಹಳಗನ್ನಡ ಕಾವ್ಯವೋ ಆಗಿರಬೇಕು ಎಂಬ ನಿರೀಕ್ಷೆ ಸಹಜ. ನಾನು ಒಬ್ಬ ಫ್ರೆಂಚ್ ಭೌತವಿಜ್ಞಾನಿಯನ್ನು ಹಿಡಿದುಕೊಂಡು ಬಂದಿದ್ದೇನೆ. ಹೆಸರು ಪಿಯೆರ್ ಜೂಲ್ ಸೀಸರ್ ಜಾನ್ಸೆನ್. ಅವನಿಗೂ ನಮಗೂ ಏನು ಸಂಬಂಧ ಎಂದು ಕೇಳಿದರೆ, ಒಂದೇ ನೆರಳು ಒಂದೇ ಬೆಳಿಗ್ಗೆ ನಮ್ಮ ಹಿರಿಯರ ಮೇಲೂ ಅವನ ಮೇಲೂ ಬಿದ್ದಿತ್ತು. ಆ ನೆರಳು ಇನ್ನೊಂದು ಕನ್ನಡದ ಊರಿನ ಮೇಲೂ ಬಿದ್ದಿತ್ತು. ಅಲ್ಲಿ ನಡೆದದ್ದನ್ನು ನಾವು ಪೂರ್ತಿ ಮರೆತಿದ್ದೇವೆ.

1868ರ ಆಗಸ್ಟ್ 18, ಶ್ರಾವಣದ ಅಮಾವಾಸ್ಯೆ. ನಮ್ಮ ಕಡೆ ಅದನ್ನು ಬೆನಕನ ಅಮಾವಾಸ್ಯೆ ಅನ್ನುತ್ತಾರೆ. ಆ ಬೆಳಿಗ್ಗೆ ಅರಬ್ಬೀ ಸಮುದ್ರ ದಾಟಿ ಬಂದ ಚಂದ್ರನ ನೆರಳು ಸಹ್ಯಾದ್ರಿ ಏರಿ ಈ ಪಂಚಗಂಗೆಯ ಬಯಲಿನ ಮೇಲೆ ಹಾಯ್ದು, ಜಮಖಂಡಿ, ವಿಜಾಪುರ, ಗುಂಟೂರು, ಮಛಲೀಪಟ್ಟಣ ಮುಟ್ಟಿ, ಬಂಗಾಳ ಕೊಲ್ಲಿ ದಾಟಿ ಸಯಾಮ್ ದೇಶದ ಕಡೆ ಹೋಯಿತು. ಸಯಾಮ್ ಕೊಲ್ಲಿಯಲ್ಲಿ ಖಗ್ರಾಸ ಆರು ನಿಮಿಷ ನಲವತ್ತೇಳು ಸೆಕೆಂಡಿನವರೆಗೆ ನಿಂತಿತ್ತು. ಅಷ್ಟು ದೀರ್ಘವಾದ ಗ್ರಹಣ ಒಂದು ಆಯುಷ್ಯದಲ್ಲಿ ಒಮ್ಮೆ ಸಿಕ್ಕರೂ ಪುಣ್ಯ. ಆಗ ಕೊಲ್ಹಾಪುರದ ಗಾದಿಯ ಮೇಲಿದ್ದವರು ಎಳೆಯ ವಯಸ್ಸಿನ ರಾಜಾರಾಮ ಮಹಾರಾಜರು. ಎರಡು ವರ್ಷದ ಬಳಿಕ ಯುರೋಪ್ ಪ್ರವಾಸದಲ್ಲಿ ಫ್ಲಾರೆನ್ಸಿನಲ್ಲಿ ತೀರಿಕೊಂಡು, ಆರ್ನೋ ನದಿಯ ದಂಡೆಯಲ್ಲಿ ದಹನಗೊಂಡವರು ಅವರೇ.

ಈ ಗ್ರಹಣದ ಬಗ್ಗೆ ಶಾಲೆಯ ಪುಸ್ತಕಗಳಲ್ಲಿ, ರಸಪ್ರಶ್ನೆಗಳಲ್ಲಿ, ಪತ್ರಿಕೆಗಳ ವಿಜ್ಞಾನ ಅಂಕಣಗಳಲ್ಲಿ ಒಂದು ವಾಕ್ಯ ಪುನಃ ಪುನಃ ಬರುತ್ತದೆ: 1868ರಲ್ಲಿ ಜಾನ್ಸೆನ್ ಗುಂಟೂರಿನಲ್ಲಿ ಹೀಲಿಯಂ ಕಂಡುಹಿಡಿದ. ಓದಲು ಹಿತ, ಭಾರತದ ನೆಲದಲ್ಲಿ ಒಂದು ಮೂಲಧಾತು ಸಿಕ್ಕಿತೆಂಬ ಹೆಮ್ಮೆ ಬೇರೆ. ಆದರೆ ಅದು ನಿಜವಲ್ಲ. ಗುಂಟೂರಿನಲ್ಲಿ ಜಾನ್ಸೆನ್ ಮಾಡಿದ್ದು ಬೇರೆಯೇ ಕೆಲಸ, ಮತ್ತು ನನ್ನ ಅಭಿಪ್ರಾಯದಲ್ಲಿ ಅದು ಹೆಚ್ಚು ದೊಡ್ಡದು. ಅದು ಅವನಿಗೇ ಯಾಕೆ ಹೊಳೆಯಿತು ಅನ್ನುವುದು ಅವನ ಹಿಂದಿನ ಬದುಕಿನಲ್ಲಿದೆ. ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಜಾನ್ಸೆನ್ ಹುಟ್ಟಿದ್ದು 1824ರ ಫೆಬ್ರುವರಿ 22ರಂದು, ಪ್ಯಾರಿಸ್ಸಿನಲ್ಲಿ. ತಂದೆ ವಾದ್ಯಗಾರ. ಕೂಸಾಗಿದ್ದಾಗಿನ ಒಂದು ಅಪಘಾತದಿಂದ ಕಾಲು ಊನವಾಯಿತು, ಜೀವಮಾನವಿಡೀ ಕುಂಟುತ್ತಲೇ ನಡೆದ. ಆ ಕಾರಣಕ್ಕೆ ಶಾಲೆಗೂ ಹೋಗಲಿಲ್ಲ. ಮನೆಯ ಪರಿಸ್ಥಿತಿ ಇಳಿದಾಗ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ. ದುಡಿಯುತ್ತಲೇ ಓದಿ, ತಡವಾಗಿ ವಿಶ್ವವಿದ್ಯಾಲಯ ಹೊಕ್ಕು ಗಣಿತ ಮತ್ತು ಭೌತವಿಜ್ಞಾನದ ಪದವಿಗಳನ್ನು ಪಡೆದ. 1857ರಲ್ಲಿ ಭೂಕಾಂತದ ಮಧ್ಯರೇಖೆ ಹುಡುಕಲು ಪೆರು ದೇಶಕ್ಕೆ ಹೋಗಿ ಆಮಶಂಕೆ ಹತ್ತಿಸಿಕೊಂಡು ಸಾಯುವ ಸ್ಥಿತಿಯಲ್ಲಿ ಮರಳಿದ. ಇಂಥ ಕಾಲು, ಇಂಥ ದೇಹ ಇಟ್ಟುಕೊಂಡು ಈ ಮನುಷ್ಯ ಆಮೇಲೆ ಜ್ವಾಲಾಮುಖಿ, ಹಿಮಪರ್ವತ, ಸಮುದ್ರ ಎಲ್ಲ ಸುತ್ತಿದ.

1860ರಲ್ಲಿ ಅವನಿಗೆ ಡಾಕ್ಟರೇಟ್ ಬಂದದ್ದು ಒಂದು ವಿಚಿತ್ರ ಪ್ರಶ್ನೆಗೆ. ಕುಲುಮೆಯ ಮುಂದೆ ನಿಂತವನ ಮುಖದ ಚರ್ಮ ಸುಡುತ್ತದೆ, ಕಣ್ಣಿನ ಒಳಪರದೆ ಮಾತ್ರ ಸುಡುವುದಿಲ್ಲ, ಯಾಕೆ? ಕಣ್ಣಿನೊಳಗಿನ ದ್ರವಗಳು ಶಾಖದ ಕಿರಣಗಳನ್ನು ದಾರಿಯಲ್ಲೇ ಹೀರಿಕೊಂಡು ಬೆಳಕನ್ನಷ್ಟೇ ಒಳಗೆ ಬಿಡುತ್ತವೆ ಎಂದು ಅವನು ಅಳತೆ ಮಾಡಿ ತೋರಿಸಿದ. ಶಿರೋಲಿ ಎಂ.ಐ.ಡಿ.ಸಿ.ಯ ಫೌಂಡ್ರಿಗಳಲ್ಲಿ ಕರಗಿದ ಕಬ್ಬಿಣದ ಮುಂದೆ ಪಾಳಿ ಮುಗಿಸಿ ಬಂದವರು ಈ ಸಭೆಯಲ್ಲೂ ಇರಬಹುದು. ಅವರಿಗೆ ಈ ಪ್ರಶ್ನೆ ಪುಸ್ತಕದ್ದೆಂದು ಅನ್ನಿಸುವುದಿಲ್ಲ.

ಇಲ್ಲಿ ಒಂದು ಎಳೆ ಹಿಡಿದುಕೊಳ್ಳಿ. ಬೆಳಕಿಗೂ ನೋಡುವವನಿಗೂ ನಡುವೆ ಏನಿದೆ, ಅದು ಬೆಳಕಿಗೆ ಏನು ಮಾಡುತ್ತದೆ? ಜಾನ್ಸೆನ್ ತನ್ನ ಬದುಕಿನುದ್ದಕ್ಕೂ ಕೇಳಿದ್ದು ಈ ಒಂದೇ ಪ್ರಶ್ನೆ. ಮೊದಲು ಕಣ್ಣಿನ ನೀರು, ಆಮೇಲೆ ಗಾಳಿ.

1859ರಲ್ಲಿ ಜರ್ಮನಿಯ ಕಿರ್ಚಾಫ್ ಮತ್ತು ಬುನ್ಸೆನ್ ಒಂದು ಬೀಗದ ಕೈ ಕಂಡುಕೊಂಡಿದ್ದರು. ಯಾವುದೇ ಅನಿಲ ಉರಿದರೆ ಅದರ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದಾಗ ತನ್ನದೇ ಆದ ಗೆರೆಗಳನ್ನು ತೋರಿಸುತ್ತದೆ. ಸೋಡಿಯಂಗೆ ಹಳದಿಯಲ್ಲಿ ಜೋಡಿ ಗೆರೆ, ಹೈಡ್ರೋಜನ್ನಿಗೆ ಕೆಂಪು, ನೀಲಿ. ಬಿಸಿಲಿನ ಬಣ್ಣಪಟ್ಟಿಯಲ್ಲಿ ಕಾಣುವ ಕಪ್ಪು ಗೆರೆಗಳು ಸೂರ್ಯನ ಹೊರ ಅನಿಲಗಳು ನುಂಗಿದ ಬೆಳಕಿನ ಗುರುತುಗಳು. ಇಲ್ಲಿ ಜಾನ್ಸೆನ್ ಕೇಳಿದ: ಎಲ್ಲ ಗೆರೆಗಳೂ ಸೂರ್ಯನವೇ ಹೌದೇ? ಕೆಲವು ನಮ್ಮ ತಲೆಯ ಮೇಲಿನ ಗಾಳಿ ಹಾಕಿದವಾಗಿದ್ದರೆ? ಸೂರ್ಯ ಮುಳುಗುವಾಗ ಕೆಲವು ಪಟ್ಟಿಗಳು ದಟ್ಟವಾಗುತ್ತವೆ, ನೆತ್ತಿಗೇರಿದಾಗ ತಿಳಿಯಾಗುತ್ತವೆ. ಸಂಶಯಕ್ಕೆ ಅಷ್ಟು ಸಾಕಿತ್ತು, ಸಾಬೀತಿಗೆ ಸಾಲದು.

ಸಾಬೀತು ಮಾಡಲು ಅವನು ಸೂರ್ಯನನ್ನೇ ಬಿಟ್ಟುಬಿಟ್ಟ. 1864ರಲ್ಲಿ ಜಿನೀವಾ ಸರೋವರದ ದಂಡೆಯ ನ್ಯೋಂ ಎಂಬ ಊರಿನ ಧಕ್ಕೆಯ ಮೇಲೆ ಪೈನ್ ಕಟ್ಟಿಗೆಯ ದೊಡ್ಡ ಬೆಂಕಿ ಹಾಕಿಸಿದ. ಹತ್ತಿರ ನಿಂತು ಯಂತ್ರದಲ್ಲಿ ನೋಡಿದರೆ ಆ ಬೆಂಕಿಯ ಬಣ್ಣಪಟ್ಟಿಯಲ್ಲಿ ಒಂದೂ ಕಪ್ಪು ಗೆರೆ ಇಲ್ಲ. ನೀರಿನ ಆಚೆ ಸುಮಾರು 21 ಕಿಲೋಮೀಟರ್ ದೂರದ ಜಿನೀವಾದಲ್ಲಿ ಸೇಂಟ್ ಪಿಯೆರ್ ಚರ್ಚಿನ ಗೋಪುರ ಹತ್ತಿ ಅದೇ ಬೆಂಕಿ ನೋಡಿದರೆ ಕಪ್ಪು ಪಟ್ಟಿಗಳು ಮೂಡಿದವು. ಅವನ್ನು ಹಾಕಿದ್ದು ನಡುವಿನ ತೇವದ ಗಾಳಿ ಎಂಬುದು ಖಚಿತವಾಯಿತು. ಎರಡು ವರ್ಷದ ಮೇಲೆ ಪ್ಯಾರಿಸ್ಸಿನ ಒಂದು ಗ್ಯಾಸ್ ಕಾರ್ಖಾನೆಯಲ್ಲಿ 37 ಮೀಟರ್ ಉದ್ದದ ಕಬ್ಬಿಣದ ಕೊಳವೆಯಲ್ಲಿ ಹಬೆ ತುಂಬಿ, ಒಂದು ತುದಿಯಲ್ಲಿ ದೀಪ ಇಟ್ಟು ಇನ್ನೊಂದು ತುದಿಯಿಂದ ನೋಡಿ, ಆ ಪಟ್ಟಿಗಳು ನೀರಾವಿಯವೇ ಎಂದು ಗಟ್ಟಿಮಾಡಿದ. ಭೌತವಿಜ್ಞಾನದ ಚರಿತ್ರೆಯಲ್ಲಿ ಇಷ್ಟು ಚೊಕ್ಕ ಪ್ರಯೋಗಗಳು ಬಹಳ ಇಲ್ಲ. ಜಾನ್ಸೆನ್ನನ ಹೆಸರು ಹೇಳಿದಾಗ ಗುಂಟೂರಿಗಿಂತ ಮೊದಲು ನನ್ನ ಕಣ್ಣಿಗೆ ಬರುವುದು ಆ ಧಕ್ಕೆಯ ಮೇಲಿನ ಬೆಂಕಿ.

ಈಗ 1868ಕ್ಕೆ ಬರೋಣ. ಖಗ್ರಾಸದ ಹೊತ್ತಿಗೆ ಕಪ್ಪಾದ ಸೂರ್ಯಬಿಂಬದ ಅಂಚಿನಿಂದ ಗುಲಾಬಿ-ಕೆಂಪು ಜ್ವಾಲೆಗಳು ಚಾಚಿಕೊಂಡಿರುತ್ತವೆ. ಅವು ಚಂದ್ರನವಲ್ಲ, ಸೂರ್ಯನವೇ ಎಂದು 1860ರ ಸ್ಪೇನಿನ ಗ್ರಹಣದ ಛಾಯಾಚಿತ್ರಗಳು ಇತ್ಯರ್ಥ ಮಾಡಿದ್ದವು. ಅವು ಏನು, ಮೋಡವೋ, ಬೆಟ್ಟವೋ, ಉರಿಯುವ ಅನಿಲವೋ ಎಂಬುದು ಮಾತ್ರ ಉಳಿದಿತ್ತು. ಪಟ್ಟಕದ ಯಂತ್ರ ಬಂದ ಮೇಲೆ ಎದುರಾದ ಮೊದಲ ದೊಡ್ಡ ಗ್ರಹಣ ಇದು. ಹಾಗಾಗಿ ಯುರೋಪಿನ ದೂರದರ್ಶಕಗಳು ಹಡಗು ಹತ್ತಿ ಬಂದವು.

ಆ ನೆರಳಿನ ದಾರಿಯುದ್ದಕ್ಕೂ ಬಿಡಾರಗಳು ಎದ್ದವು. ಗುಂಟೂರಿನಲ್ಲಿ ಮೇಜರ್ ಟೆನೆಂಟನ ಬ್ರಿಟಿಷ್ ತಂಡ, ಅದೇ ಊರಿನಲ್ಲಿ ಲೆಫೋಶೂರ್ ಎಂಬ ಫ್ರೆಂಚ್ ವ್ಯಾಪಾರಿಯ ಮನೆಯಲ್ಲಿ ಜಾನ್ಸೆನ್. ಮಛಲೀಪಟ್ಟಣದಲ್ಲಿ ಮದರಾಸು ವೀಕ್ಷಣಾಲಯದ ಪಾಗ್ಸನ್. ಅದೇ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ನಿಜಾಮ್ ಸೀಮೆಯ ವನಪರ್ತಿಯಲ್ಲಿ. ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್. ಸಯಾಮಿನಲ್ಲಿ ಇನ್ನೊಂದು ಫ್ರೆಂಚ್ ತಂಡ. ಗ್ರಹಣವನ್ನು ತಾನೇ ಲೆಕ್ಕ ಹಾಕಿದ್ದ ಸಯಾಮಿನ ರಾಜ ಮೊಂಗ್‌ಕುಟ್ ಪರಿವಾರ ಸಮೇತ ಜೌಗು ಕರಾವಳಿಗೆ ಹೋಗಿ ನೋಡಿ ಸಂತೋಷಪಟ್ಟು, ಮಲೇರಿಯಾ ಹತ್ತಿಸಿಕೊಂಡು ಆರು ವಾರದಲ್ಲಿ ತೀರಿಕೊಂಡ. ವಿಜ್ಞಾನಕ್ಕೆ ಪ್ರಾಣ ತೆತ್ತ ಅರಸರು ವಿರಳ, ಆದ್ದರಿಂದ ಹೇಳಿದೆ.

ಇನ್ನು ಜಮಖಂಡಿ. ಇಲ್ಲಿಂದ ಬೆಳಿಗ್ಗೆ ಬಸ್ಸು ಹಿಡಿದರೆ ಊಟದ ಹೊತ್ತಿಗೆ ಮುಟ್ಟುವ ಊರು. ಆಗ ಪಟವರ್ಧನರ ಸಂಸ್ಥಾನ. ಇಚಲಕರಂಜಿಯ ಮಗ್ಗದವರಿಗೆ ಆ ಸೀಮೆ ಬೀಗರ ಮನೆಯಿದ್ದ ಹಾಗೆ. ರಬಕವಿ-ಬನಹಟ್ಟಿಯ ನೇಕಾರರು ಅಲ್ಲಿಗೂ ಇಲ್ಲಿಗೂ ಓಡಾಡಿದವರೇ. ಲಂಡನ್ನಿನ ರಾಯಲ್ ಸೊಸೈಟಿ ತನ್ನ ಹೊಸ ರೋಹಿತದರ್ಶಕವನ್ನು, ಅಂದರೆ ಪಟ್ಟಕದ ಯಂತ್ರವನ್ನು, ಕಳಿಸಿದ್ದು ಈ ಊರಿಗೆ. ಕಾರಣ ಸುಲಭ. ಆಗಸ್ಟ್ ತಿಂಗಳು, ಘಟ್ಟದ ಈ ಮಗ್ಗುಲಲ್ಲಿ ಮಳೆ ಹೇಗಿರುತ್ತದೆಂದು ಕೊಲ್ಹಾಪುರದವರಿಗೆ ನಾನು ಹೇಳಬೇಕಿಲ್ಲ. ರಾಧಾನಗರಿಯ ಮಳೆಗೂ ಜಮಖಂಡಿಯ ಮಳೆಗೂ ಅಜಗಜಾಂತರ. ಘಟ್ಟ ದಾಟಿ ಪೂರ್ವಕ್ಕೆ ಸರಿದಷ್ಟೂ ಆಕಾಶ ತೆರೆಯುತ್ತದೆ ಎಂಬ ಲೆಕ್ಕ ಅದು.

ಯಂತ್ರದ ಹಿಂದೆ ಕಣ್ಣಿಟ್ಟವನು ಲೆಫ್ಟಿನೆಂಟ್ ಜಾನ್ ಹರ್ಶೆಲ್. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಶೆಲನ ಮೊಮ್ಮಗ, ದಕ್ಷಿಣ ಗೋಳದ ನಕ್ಷತ್ರಗಳನ್ನು ಪಟ್ಟಿ ಮಾಡಿದ ಸರ್ ಜಾನ್ ಹರ್ಶೆಲನ ಮಗ, ಭಾರತದ ಮಹಾ ತ್ರಿಕೋನ ಮೋಜಣಿಯಲ್ಲಿ ಕೆಲಸಕ್ಕಿದ್ದವ. ಮೂರು ತಲೆಮಾರು ಆಕಾಶ ನೋಡಿದ ಮನೆತನ ಅದು. ಜೊತೆಗೆ ಲೆಫ್ಟಿನೆಂಟ್ ಕ್ಯಾಂಪ್‌ಬೆಲ್, ಸೂರ್ಯನ ಸುತ್ತಿನ ಪ್ರಭಾವಲಯದ ಬೆಳಕು ಧ್ರುವೀಕೃತವಾಗಿದೆಯೇ ಎಂದು ಪರೀಕ್ಷಿಸಲು.

ಲೆಕ್ಕ ಅರ್ಧ ಫಲಿಸಿತು. ಗ್ರಹಣ ಹಿಡಿಯುವ ಹೊತ್ತಿಗೆ ಜಮಖಂಡಿಯ ಮೇಲೆ ಚೂರುಚೂರು ಮೋಡ ತೇಲಿ ಬಂದವು. ಖಗ್ರಾಸದ ಅಮೂಲ್ಯ ನಿಮಿಷಗಳು ಮೋಡ ಸರಿಯುವುದನ್ನು ಕಾಯುವುದರಲ್ಲಿ ಹೋದವು. ಒಂದು ಕಿಂಡಿ ಬಿಚ್ಚಿಕೊಂಡಿತು, ಹರ್ಶೆಲ್ ಒಂದು ಜ್ವಾಲೆಯನ್ನು ಯಂತ್ರದ ಸೀಳಿಗೆ ಹಿಡಿದ. ಉದ್ದದ ಬಣ್ಣಪಟ್ಟಿ ಇಲ್ಲ. ಬಿಡಿಬಿಡಿ ಹೊಳೆಯುವ ಮೂರು ಗೆರೆ, ಕೆಂಪು, ಕಿತ್ತಳೆ, ನೀಲಿ. ಅಂದರೆ ಜ್ವಾಲೆಗಳು ಉರಿಯುವ ಅನಿಲ. ಹತ್ತಾರು ವರ್ಷದ ಪ್ರಶ್ನೆಗೆ ಉತ್ತರ ಜಮಖಂಡಿಯ ಆಕಾಶದಲ್ಲಿ ಆ ಕ್ಷಣ ಸಿಕ್ಕಿತು. ಅದೇ ಬೆಳಿಗ್ಗೆ ವಿಜಾಪುರದಲ್ಲಿ ಹೇಗನಿಗೂ, ಗುಂಟೂರಿನಲ್ಲಿ ಟೆನೆಂಟ್ ಮತ್ತು ಜಾನ್ಸೆನ್ನರಿಗೂ, ಮಛಲೀಪಟ್ಟಣದಲ್ಲಿ ಪಾಗ್ಸನ್ನನಿಗೂ, ಸಯಾಮಿನಲ್ಲಿ ರಾಯೆ ಎಂಬುವನಿಗೂ ಸಿಕ್ಕಿತು.

ಕಿತ್ತಳೆ ಗೆರೆಯ ಸ್ಥಾನವನ್ನು ಹರ್ಶೆಲ್ ಅಳೆದ. ಅದು ಸೋಡಿಯಂನ ಗೆರೆ, ವಿಜ್ಞಾನಿಗಳು ಡಿ ಅನ್ನುವ ಗೆರೆ, ಎಂದು ಬರೆದುಕೊಂಡ. ಟೆನೆಂಟ್ ಕೂಡ ಹಾಗೇ ಬರೆದ. ಪಾಗ್ಸನ್ ಮಾತ್ರ ಡಿ ಗೆರೆಯಲ್ಲೋ ಅದರ ಹತ್ತಿರವೋ ಎಂದು ಒಂದು ಅನುಮಾನ ಉಳಿಸಿಕೊಂಡ. ಇಂದು ನಮಗೆ ಗೊತ್ತು, ಆ ಗೆರೆ ಸೋಡಿಯಂನದ್ದಲ್ಲ. ಸೋಡಿಯಂನ ಜೋಡಿಗೆರೆ 589.0 ಮತ್ತು 589.6 ನ್ಯಾನೊಮೀಟರಿನಲ್ಲಿವೆ, ಇದು 587.6ರಲ್ಲಿ. ಅದೇ ಹೀಲಿಯಂ. ಅಂದರೆ ಹೀಲಿಯಂನ ಬೆಳಕು ಜಮಖಂಡಿಯಲ್ಲಿ ಹರ್ಶೆಲನ ಕಣ್ಣಿಗೆ ಬಿದ್ದಿತ್ತು, ಅಳತೆಗೂ ಸಿಕ್ಕಿತ್ತು, ಗುರುತು ಮಾತ್ರ ಹತ್ತಲಿಲ್ಲ. ಮೋಡದ ಕಿಂಡಿಯಲ್ಲಿ ಕೆಲವು ಕ್ಷಣ ಸಿಕ್ಕವನಿಂದ ಒಂದೆರಡು ನ್ಯಾನೊಮೀಟರಿನ ವ್ಯತ್ಯಾಸ ಹಿಡಿಯಬೇಕಿತ್ತು ಎಂದು ನಿರೀಕ್ಷಿಸುವುದು ಅನ್ಯಾಯ. ಗುಂಟೂರಿನಲ್ಲಿ ಐದು ನಿಮಿಷಕ್ಕೂ ಹೆಚ್ಚು ನೋಡಿದ ಜಾನ್ಸೆನ್ನನೂ ಹಿಡಿಯಲಿಲ್ಲ. ತಾನು ಕಂಡ ಐದಾರು ಗೆರೆಗಳಲ್ಲಿ ಹಳದಿಯದನ್ನೂ ಎಣಿಸಿದ, ಆದರೆ ಅವನ ಮಾತೆಲ್ಲ ಹೈಡ್ರೋಜನ್ನಿನ ಬಗ್ಗೆ.

ಹಾಗಾದರೆ ಜಾನ್ಸೆನ್ ಎಲ್ಲಿ ಬೇರೆಯಾದ? ಗ್ರಹಣ ಬಿಟ್ಟ ಮೇಲೆ.

ಆ ದಿನ ಸೂರ್ಯನ ಒಂದು ಅಂಚಿನಲ್ಲಿ ಭೂಮಿಯ ವ್ಯಾಸದ ಹತ್ತು ಪಟ್ಟು ಎತ್ತರದ ಒಂದು ಜ್ವಾಲೆ ಎದ್ದು ನಿಂತಿತ್ತು. ಟೆನೆಂಟ್ ಅದನ್ನು ಮಹಾಶೃಂಗ ಎಂದು ಕರೆದ. ಅದರ ಗೆರೆಗಳು ಎಷ್ಟು ಪ್ರಖರವಾಗಿದ್ದವೆಂದರೆ, ಗ್ರಹಣವಿಲ್ಲದಾಗಲೂ ಇವನ್ನು ನೋಡುತ್ತೇನೆ ಎಂದು ಜಾನ್ಸೆನ್ ಅಲ್ಲಿಯೇ ಉದ್ಗರಿಸಿದ. ಮಧ್ಯಾಹ್ನದ ಹೊತ್ತಿಗೆ ಮೋಡ ಮುಚ್ಚಿತು, ಆ ದಿನ ಸಾಧ್ಯವಾಗಲಿಲ್ಲ. ಮರುದಿನ, ಆಗಸ್ಟ್ 19ರ ಬೆಳಿಗ್ಗೆ, ಸೂರ್ಯ ಹುಟ್ಟುತ್ತಲೇ ಯಂತ್ರದ ಸೀಳನ್ನು ಬಿಂಬದ ಅಂಚಿಗೆ, ನಿನ್ನೆ ಜ್ವಾಲೆಯಿದ್ದ ಕಡೆಗೆ ಹಿಡಿದ. ಗೆರೆಗಳು ಅಲ್ಲೇ ಇದ್ದವು. ಗ್ರಹಣವಿಲ್ಲ, ಕತ್ತಲಿಲ್ಲ, ಪೂರ್ತಿ ಹಗಲು.

ಇದು ಹೇಗೆ ಸಾಧ್ಯ? ಜ್ವಾಲೆಗಳು ಹಗಲಲ್ಲೂ ಅಲ್ಲಿಯೇ ಇರುತ್ತವೆ. ಅವನ್ನು ಮುಚ್ಚುವುದು ನಮ್ಮ ಗಾಳಿಯಲ್ಲಿ ಚದುರಿದ ಬಿಸಿಲಿನ ಝಳಪು. ಆದರೆ ಆ ಝಳಪಿನಲ್ಲಿ ಎಲ್ಲ ಬಣ್ಣಗಳೂ ಇವೆ, ಜ್ವಾಲೆಯಲ್ಲಿ ನಾಲ್ಕಾರು ಬಣ್ಣಗಳ ಗೆರೆ ಮಾತ್ರ. ಚರಿಗೆಯೊಳಗಿನ ಹಾಲನ್ನು ದೊಡ್ಡ ಪರಾತಕ್ಕೆ ಸುರಿದರೆ ಹಾಲು ತೆಳ್ಳಗೆ ಹರಡಿಕೊಳ್ಳುತ್ತದೆ, ಅದರಲ್ಲಿ ಮುಳುಗಿದ್ದ ಬೆಲ್ಲದ ಹೆಂಟೆ ಹರಡುವುದಿಲ್ಲ, ಎದ್ದು ಕಾಣುತ್ತದೆ. ಪಟ್ಟಕಗಳನ್ನು ಸಾಲಾಗಿ ಇಟ್ಟು ಬೆಳಕನ್ನು ಅಗಲವಾಗಿ ಬಿಚ್ಚಿದರೆ ಬಿಸಿಲಿನ ಝಳಪು ತೆಳುವಾಗುತ್ತ ಹೋಗುತ್ತದೆ, ಜ್ವಾಲೆಯ ಗೆರೆಗಳು ತಮ್ಮ ತೇಜಸ್ಸನ್ನು ಬಿಟ್ಟುಕೊಡುವುದಿಲ್ಲ. ಜಾನ್ಸೆನ್ ಮಾಡಿದ್ದು ಇಷ್ಟೇ. ನಡುವಿನದು ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಕಣ್ಣಿನಲ್ಲಿ, ಸರೋವರದ ಮೇಲೆ, ಹಬೆಯ ಕೊಳವೆಯಲ್ಲಿ ಹತ್ತು ವರ್ಷ ತಿರುವಿ ಹಾಕಿದ್ದವನಿಗೆ ಆ ಐದು ನಿಮಿಷದಲ್ಲಿ ನಡುವಿನದನ್ನು ಸರಿಸುವ ದಾರಿ ಕಂಡಿತು. ಉಳಿದವರು ಜ್ವಾಲೆಯನ್ನು ನೋಡಿದರು, ಅವನು ಜ್ವಾಲೆಯ ಮುಂದಿನ ಪರದೆಯನ್ನೂ ನೋಡಿದ.

ಹದಿನೇಳು ದಿನ ಅವನು ಗುಂಟೂರಿನಲ್ಲಿ ಸೂರ್ಯನ ಅಂಚು ಸುತ್ತಿ ಸುತ್ತಿ ಜ್ವಾಲೆಗಳ ನಕ್ಷೆ ತೆಗೆದ. ನಿನ್ನೆ ಇದ್ದದ್ದು ಇವತ್ತು ಇಲ್ಲ, ಕೆಲವು ನಿಮಿಷದಲ್ಲೇ ಆಕಾರ ಬದಲಾಗುತ್ತದೆ. ಅಲ್ಲಿಯವರೆಗೆ ಮನುಷ್ಯರು ಸೂರ್ಯನ ಅಂಚನ್ನು ನೋಡಲು ವರ್ಷಗಟ್ಟಲೆ ಕಾದು, ಸಮುದ್ರ ದಾಟಿ, ಮೋಡದ ಕೃಪೆ ಬೇಡಬೇಕಿತ್ತು. ಆಗಸ್ಟ್ 19ರಿಂದ ಅದು ದಿನನಿತ್ಯದ ಕೆಲಸವಾಯಿತು. ಸೌರಭೌತವಿಜ್ಞಾನ ಹುಟ್ಟಿದ ತಾರೀಖು ಕೇಳಿದರೆ ನಾನು ಗ್ರಹಣದ ದಿನವನ್ನು ಹೇಳುವುದಿಲ್ಲ, ಅದರ ಮರುದಿನವನ್ನು ಹೇಳುತ್ತೇನೆ.

ಮುಂದಿನದು ಟಪಾಲಿನ ಕಥೆ. ಈ ವಿಧಾನ ತಿಳಿಸುವ ಪತ್ರವನ್ನು ಅವನು ಕಾಕಿನಾಡದಿಂದ ಸೆಪ್ಟೆಂಬರ್ 19ರಂದು ಬರೆದ. ಅದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಮುಟ್ಟಿದ್ದು ಅಕ್ಟೋಬರ್ 26ಕ್ಕೆ. ಅದೇ ದಿನ, ಕೆಲವೇ ನಿಮಿಷ ಮುಂಚೆ, ಇಂಗ್ಲೆಂಡಿನಿಂದ ಇನ್ನೊಂದು ಸುದ್ದಿ ಅಲ್ಲಿಗೆ ಬಂದಿತ್ತು. ಯುದ್ಧ ಇಲಾಖೆಯ ಗುಮಾಸ್ತನಾಗಿದ್ದು ಬಿಡುವಿನಲ್ಲಿ ಆಕಾಶ ನೋಡುತ್ತಿದ್ದ ನಾರ್ಮನ್ ಲಾಕ್ಯರ್ ಎಂಬಾತ, ಎರಡು ವರ್ಷದಿಂದ ಇದೇ ಉಪಾಯ ಮನಸ್ಸಿನಲ್ಲಿಟ್ಟುಕೊಂಡು ಯಂತ್ರಕ್ಕೆ ಕಾದಿದ್ದವ, ಯಂತ್ರ ಕೈಗೆ ಬಂದ ನಾಲ್ಕೇ ದಿನಕ್ಕೆ ಅಕ್ಟೋಬರ್ 20ರಂದು ಗ್ರಹಣವಿಲ್ಲದೆ ಜ್ವಾಲೆ ನೋಡಿದ್ದ. ಕೀರ್ತಿ ಯಾರದು? ಫೇ ಎಂಬ ಖಗೋಳವಿಜ್ಞಾನಿ ಎದ್ದು ನಿಂತು ಇಬ್ಬರದ್ದೂ ಎಂದು ಹೇಳಿ ಜಗಳ ಹುಟ್ಟುವ ಮೊದಲೇ ಮುಗಿಸಿದ. ಫ್ರೆಂಚ್ ಸರಕಾರ 1872ರಲ್ಲಿ ಇಬ್ಬರ ಮುಖವೂ ಇರುವ ಪದಕ ಟಂಕಿಸಿತು. ಫ್ರಾನ್ಸಿಗೂ ಇಂಗ್ಲೆಂಡಿಗೂ ಇದ್ದ ನಂಟನ್ನು ನೆನೆದರೆ ಇದು ಗ್ರಹಣಕ್ಕಿಂತ ಅಪರೂಪದ ಘಟನೆ.

ಹಳದಿ ಗೆರೆಯ ಬೆನ್ನು ಬಿದ್ದವನು ಲಾಕ್ಯರ್. ಗ್ರಹಣದ ಅವಸರ ಅವನಿಗಿರಲಿಲ್ಲ. ದಿನವೂ ನೋಡಿ ಅದು ಸೋಡಿಯಂನ ಎರಡೂ ಗೆರೆಗಳಿಂದ ಬೇರೆ ಎಂದು ಖಚಿತಪಡಿಸಿದ. ರಸಾಯನವಿಜ್ಞಾನಿ ಫ್ರಾಂಕ್‌ಲ್ಯಾಂಡನ ಜೊತೆ ಅದನ್ನು ಹೈಡ್ರೋಜನ್ನಿಂದ ಹುಟ್ಟಿಸಲು ನೋಡಿ ಸೋತ. ಭೂಮಿಯ ಮೇಲೆ ಯಾರೂ ಕಾಣದ ಧಾತು ಇದು ಎಂಬ ಊಹೆಯನ್ನು ಇಪ್ಪತ್ತೈದು ವರ್ಷ ಹಲವರು ನಕ್ಕು ತಳ್ಳಿಹಾಕಿದರು. 1895ರಲ್ಲಿ ವಿಲಿಯಂ ರ‍್ಯಾಮ್ಸೆ ಯುರೇನಿಯಂ ಇರುವ ಕ್ಲೀವೈಟ್ ಎಂಬ ಅದಿರಿನಿಂದ ಹೊರಟ ಅನಿಲದಲ್ಲಿ ಅದೇ 587.6ರ ಗೆರೆ ಕಂಡ ಮೇಲೆ ನಗು ನಿಂತಿತು. ಹಾಗಾಗಿ ಹೀಲಿಯಂನ ಕೀರ್ತಿ ಗುಂಟೂರಿನ ಒಂದು ಬೆಳಿಗ್ಗೆಯದ್ದಲ್ಲ. ನೋಡಿದವರು ಹಲವರು, ಅವರಲ್ಲಿ ಜಮಖಂಡಿಯ ಹರ್ಶೆಲ್ ಒಬ್ಬ. ಗುರುತಿಸಿದವನು ಲಾಕ್ಯರ್, ಕೈಗೆ ತಂದವನು ರ‍್ಯಾಮ್ಸೆ.

ಜಾನ್ಸೆನ್ ಮತ್ತೆ ನಮ್ಮ ನೆರೆಗೆ ಬಂದ. ನಡುವೆ 1870ರ ಡಿಸೆಂಬರ್ 2ರಂದು, ಪ್ರಷ್ಯನ್ ಸೈನ್ಯ ಪ್ಯಾರಿಸ್ಸನ್ನು ಮುತ್ತಿದ್ದಾಗ, ಆಲ್ಜೀರಿಯಾದ ಗ್ರಹಣ ನೋಡಲು ಬಲೂನು ಹತ್ತಿ ಶತ್ರುಗಳ ತಲೆಯ ಮೇಲೆ ಹಾರಿ ಹೋದ. ಅಷ್ಟೆಲ್ಲ ಮಾಡಿ ಓರಾನಿನಲ್ಲಿ ಮೋಡ! ಮರುವರ್ಷ, 1871ರ ಡಿಸೆಂಬರ್ 12ರ ಗ್ರಹಣದ ನೆರಳು ಕಾಸರಗೋಡಿನ ಬೇಕಲ ಕೋಟೆಯ ಮೇಲೆ ಹಾಯ್ದು ನೀಲಗಿರಿ ಹತ್ತಿತು. ಬೇಕಲದಲ್ಲಿ ಲಾಕ್ಯರ್ ನಿಂತಿದ್ದ. ದೊಡ್ಡಬೆಟ್ಟದ ಮೇಲೆ ಟೆನೆಂಟ್ ಮತ್ತು ನಮ್ಮ ಜಮಖಂಡಿಯ ಹರ್ಶೆಲ್. ಜಾನ್ಸೆನ್ ಆರಿಸಿಕೊಂಡದ್ದು ಬಡಗರ ಸೀಮೆಯ ಶೋಲೂರು. ಅಲ್ಲಿನ ತಿಳಿ ಆಕಾಶದಲ್ಲಿ ಸೂರ್ಯನ ಪ್ರಭಾವಲಯದ ಬೆಳಕನ್ನು ಬಿಚ್ಚಿ ನೋಡಿದಾಗ ಮಾಮೂಲಿ ಬಿಸಿಲಿನ ಕಪ್ಪು ಗೆರೆಗಳು ಅದರಲ್ಲೂ ಮಸುಕಾಗಿ ಕಂಡವು. ಅಂದರೆ ಪ್ರಭಾವಲಯ ಬರಿಯ ಉರಿಯುವ ಅನಿಲವಲ್ಲ, ಸೂರ್ಯನ ಬೆಳಕನ್ನೇ ಹಿಂತಿರುಗಿಸುವ ಪದಾರ್ಥವೂ ಅಲ್ಲಿದೆ. ಅದು ಧೂಳು ಎಂದು ಇಂದು ಗೊತ್ತಾಗಿದೆ. ಮತ್ತೆ ಅದೇ ಪ್ರಶ್ನೆ ನೋಡಿ, ನಡುವೆ ಏನಿದೆ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. 1874ರಲ್ಲಿ ಶುಕ್ರಸಂಕ್ರಮಣಕ್ಕೆ ನಾಗಾಸಾಕಿಗೆ ಹೋಗಿ, ಸಾಲಾಗಿ ಚಿತ್ರ ತೆಗೆಯುವ ಪಿಸ್ತೂಲಿನಂಥ ಕ್ಯಾಮೆರಾ ಬಳಸಿದ. ಸಿನಿಮಾದ ಹಿರಿಯಜ್ಜ ಅದು ಎಂದು ಹಲವರ ಮತ. ಮ್ಯೂಡಾನ್ ವೀಕ್ಷಣಾಲಯ ಕಟ್ಟಿದ. ಅರವತ್ತಾರರ ವಯಸ್ಸಿನಲ್ಲಿ, ಆ ಕುಂಟುಗಾಲಿನಲ್ಲಿ, ಜನರಿಂದ ಎಳೆಸಿಕೊಂಡು ಮೋಂ ಬ್ಲಾಂ ಶಿಖರ ಏರಿದ. ಆಮ್ಲಜನಕದ ಗೆರೆಗಳು ನಮ್ಮ ಗಾಳಿಯವೋ ಸೂರ್ಯನವೋ ತಿಳಿಯಲು. ಹಿಮದ ಮೇಲೆ ಕಟ್ಟಿದ ಅವನ ಶಿಖರದ ವೀಕ್ಷಣಾಲಯ ಆಮೇಲೆ ಹಿಮದಲ್ಲೇ ಹುದುಗಿಹೋಯಿತು. 1907ರ ಡಿಸೆಂಬರ್ 23ರಂದು ಮ್ಯೂಡಾನಿನಲ್ಲಿ ತೀರಿಕೊಂಡ.

ಅವನು 1869ರಲ್ಲೇ ಸೂಚಿಸಿದ್ದ ಇನ್ನೊಂದು ಉಪಾಯವಿದೆ. ಎರಡು ಸೀಳುಗಳ ಯಂತ್ರ ಮಾಡಿ ಒಂದೇ ಗೆರೆಯ ಬೆಳಕಿನಲ್ಲಿ ಇಡೀ ಸೂರ್ಯನ ಚಿತ್ರ ಹಿಡಿಯುವುದು. ಅಮೆರಿಕದ ಹೇಲ್, ಫ್ರಾನ್ಸಿನ ದೆಲಾಂದ್ರ ಆ ಯಂತ್ರ ಕಟ್ಟಿದರು. ಅಂಥದೊಂದು ಕೊಡೈಕೆನಾಲಿಗೆ ಬಂದು, ಇಪ್ಪತ್ತನೆಯ ಶತಮಾನದ ಆರಂಭದಿಂದ ಸೂರ್ಯನ ಚಿತ್ರಗಳು ಅಲ್ಲಿ ಸೇರುತ್ತ ಬಂದಿವೆ. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ವಶದಲ್ಲಿರುವ ಆ ಗಾಜಿನ ಫಲಕಗಳನ್ನು ಜಗತ್ತಿನ ಸಂಶೋಧಕರು ಇಂದಿಗೂ ಕೇಳಿಕೊಂಡು ಬರುತ್ತಾರೆ. ಸಾಪೇಕ್ಷತಾ ಸಿದ್ಧಾಂತವನ್ನು ಬನಾರಸಿನಲ್ಲಿ ಬೆಳೆಸಿದ ವಿಷ್ಣು ವಾಸುದೇವ ನಾರ್ಳೀಕರರು, ಅವರ ಮಗ ಜಯಂತ ನಾರ್ಳೀಕರರು ಇಬ್ಬರೂ ಈ ಕೊಲ್ಹಾಪುರದಲ್ಲೇ ಹುಟ್ಟಿದವರು. ಅಂಥ ಊರಿನಲ್ಲಿ ಈ ಕೊಂಡಿಗಳನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡೆಗೆ ಇಲ್ಲಿನ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಹರ್ಶೆಲನ ವರದಿ ರಾಯಲ್ ಸೊಸೈಟಿಯ ನಡಾವಳಿಗಳಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿದೆ, ಯಾರು ಬೇಕಾದರೂ ಓದಬಹುದು. ಅದು ಬಿಡಾರದ ಒಳಗಿನಿಂದ ಬರೆದದ್ದು. ಬಿಡಾರದ ಹೊರಗೆ ನಿಂತಿದ್ದ ಜಮಖಂಡಿಯ ಮಾತು ಬೇಕೆಂದರೆ ಸಂಸ್ಥಾನಗಳ ಮೋಡಿ ಲಿಪಿಯ ದಫ್ತರಗಳಿಗೇ ಹೋಗಬೇಕು. ಯಂತ್ರ ಹೊತ್ತ ಗಾಡಿಗಳ ಬಾಡಿಗೆ, ಕಾವಲಿಗೆ ಕೊಟ್ಟ ಜನ, ಗ್ರಹಣಕಾಲದ ದಾನದ ಲೆಕ್ಕ, ಇಂಥವನ್ನೆಲ್ಲ ಸಂಸ್ಥಾನದ ಕಾರಕೂನರು ಬರೆಯದೆ ಬಿಡುತ್ತಿರಲಿಲ್ಲ. ಕೊಲ್ಹಾಪುರದ ಅಭಿಲೇಖಾಗಾರದಲ್ಲಿ ಮೋಡಿ ಓದಬಲ್ಲವರು ಇದ್ದಾರೆ. ಕನ್ನಡ, ಮರಾಠಿ ಎರಡೂ ಬಲ್ಲ ಹುಡುಗ ಹುಡುಗಿಯರು ಈ ಗಡಿಸೀಮೆಯಲ್ಲಿ ಮನೆಮನೆಗೂ ಇದ್ದಾರೆ. 1868ರ ಆಗಸ್ಟ್ ತಿಂಗಳ ರುಮಾಲುಗಳಿಂದ ಶುರುಮಾಡಿ.